ರೂಮು ಬಿಟ್ಟ ಮೇಲೆ, ರೈಲು ಹೊರಡುವ ತನಕ

ರಜೆಯ ದಿನಗಳಲ್ಲಿ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಬೆಂಗಳೂರಿನ ಮೆಜೆಸ್ಟಿಕ್ ಸುತ್ತಲಿನ ಲಾಡ್ಜುಗಳ ಬಾಗಿಲಲ್ಲಿ ಒಂದೇ ತರಹದ ಗಡಿಬಿಡಿ. ಅಪ್ಪ ಕೌಂಟರಿನಲ್ಲಿ ಲೆಕ್ಕ ಚುಕ್ತಾ ಮಾಡುತ್ತಿರುತ್ತಾರೆ. ಅಮ್ಮ ಮಂಚದ ಕೆಳಗೆ, ಬಚ್ಚಲಿನ ಗೂಟದಲ್ಲಿ ಏನಾದರೂ ಉಳಿಯಿತೇನೋ ಎಂದು ಮತ್ತೊಮ್ಮೆ ಕಣ್ಣಾಡಿಸಿ ಬರುತ್ತಾರೆ. ರಾತ್ರಿ ಹಿಂಡಿ ಹಾಕಿದ ಬಟ್ಟೆ ಇನ್ನೂ ಒಣಗಿರುವುದಿಲ್ಲ. ಅದು ಪ್ಲಾಸ್ಟಿಕ್ ಕವರಿಗೆ ಹೋಗುತ್ತದೆ. ಅಜ್ಜಿ ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಾರೆ. ಮಕ್ಕಳು ಕಿಟಕಿ ಪಕ್ಕದ ಸೀಟಿಗೆ ಆಗಲೇ ಜಗಳ ಶುರು ಮಾಡಿರುತ್ತಾರೆ. ರೈಲು ಇರುವುದು ಮಾತ್ರ ರಾತ್ರಿ ಹತ್ತರ ಸುಮಾರಿಗೆ.

ಹನ್ನೊಂದರಿಂದ ಹತ್ತರವರೆಗೆ ಹನ್ನೊಂದು ಗಂಟೆ. ಐದು ಜನ, ಏಳೆಂಟು ಬ್ಯಾಗು, ದಾರ ಬಿಗಿದ ಒಂದು ರಟ್ಟಿನ ಪೆಟ್ಟಿಗೆ. ಇಷ್ಟು ಹೊತ್ತು ಇವರೆಲ್ಲ ಎಲ್ಲಿರಬೇಕು? ಕೋಟಿ ಮೀರಿದ ಜನಸಂಖ್ಯೆಯ, ಇಡೀ ರಾಜ್ಯದ ತೆರಿಗೆ, ಫೈಲು, ಆಸ್ಪತ್ರೆ, ಕೋರ್ಟುಗಳನ್ನೆಲ್ಲ ತನ್ನಲ್ಲಿಟ್ಟುಕೊಂಡಿರುವ ರಾಜಧಾನಿಯ ಬಳಿ ಈ ಪ್ರಶ್ನೆಗೆ ಉತ್ತರವಿಲ್ಲ. ಉತ್ತರ ಇರಲೇಬೇಕು. ಅದು ದುಬಾರಿಯದೂ ಅಲ್ಲ, ಕಷ್ಟದ್ದೂ ಅಲ್ಲ.

ಮೊದಲು ಸಮಸ್ಯೆಯ ಬುಡ ನೋಡಬೇಕು. ಹುಬ್ಬಳ್ಳಿ ಕಡೆಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಇರಲಿ, ಬೆಳಗಾವಿ ಕಡೆಯ ರಾಣಿ ಚನ್ನಮ್ಮ ಇರಲಿ, ಉತ್ತರ ಕರ್ನಾಟಕದವರು ನೆಚ್ಚಿಕೊಂಡ ಗಾಡಿಗಳು ಬೆಂಗಳೂರು ಬಿಡುವುದು ರಾತ್ರಿ. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಸ್ಲೀಪರ್ ಬಸ್ಸುಗಳದ್ದೂ ಅದೇ ಹೊತ್ತು. ದುಡಿದು ತಿನ್ನುವ ಕುಟುಂಬಕ್ಕೆ ಇದು ಅನುಕೂಲವೇ. ಒಂದು ಹಗಲು ಉಳಿಯುತ್ತದೆ, ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ. ಇತ್ತ ಹೋಟೆಲಿನವರಿಗೆ ಮಧ್ಯಾಹ್ನದ ಹೊತ್ತಿಗೆ ರೂಮು ಖಾಲಿಯಾದರೆ ಗುಡಿಸಿ, ಒರೆಸಿ, ಹಾಸಿಗೆ ಬದಲಿಸಿ ಮುಂದಿನವರಿಗೆ ಕೊಡಲು ಸಾಧ್ಯ. ಎರಡೂ ಅವರವರ ಮಟ್ಟಿಗೆ ಸರಿ. ಆದರೆ ಹೋಟೆಲಿನ ದಿನ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ, ರೈಲಿನ ದಿನ ರಾತ್ರಿಯಿಂದ ಬೆಳಗಿಗೆ. ಈ ಎರಡರ ನಡುವಿನ ಸಂದಿನಲ್ಲಿ ಕುಟುಂಬ ಸಿಕ್ಕಿಕೊಳ್ಳುತ್ತದೆ.

‘24 ಗಂಟೆ ಚೆಕ್‌ಔಟ್’ ಎಂದು ಬೋರ್ಡು ಹಾಕಿಕೊಂಡ ಲಾಡ್ಜುಗಳಿವೆಯಲ್ಲ ಎನ್ನಬಹುದು. ಇವೆ, ಮತ್ತು ಬರುವ ದಿನಕ್ಕೆ ಅವು ದೊಡ್ಡ ಆಸರೆ: ನಸುಕಿನಲ್ಲಿ ಇಳಿದವರಿಗೆ ಆ ಕ್ಷಣಕ್ಕೇ ರೂಮು ಸಿಗುತ್ತದೆ. ಹೋಗುವ ದಿನದ ಲೆಕ್ಕ ಬೇರೆ. ಬೆಳಗ್ಗೆ ಆರೂವರೆಗೆ ರೂಮು ಹಿಡಿದವರು ಬೆಳಗ್ಗೆ ಆರೂವರೆಗೇ ಬಿಡಬೇಕು, ಇಲ್ಲವಾದರೆ ಇನ್ನೊಂದು ಇಡೀ ದಿನದ ಬಾಡಿಗೆ ಕೊಡಬೇಕು. ಬಂದ ದಿನ ಉಳಿದ ಹಣ ಹೋಗುವ ದಿನ ಕೈಬಿಟ್ಟು ಹೋಗುತ್ತದೆ.

ಒಂದು ಕಾಲಕ್ಕೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಬೆಂಗಳೂರೆಂದರೆ ರಾಜಾಜಿನಗರದ ಸೋದರಮಾವನ ಮನೆ, ಇಲ್ಲವೇ ಬಸವೇಶ್ವರನಗರದ ಚಿಕ್ಕಮ್ಮನ ಮನೆ. ಕೊನೆಯ ದಿನ ಅಲ್ಲೇ ಊಟ, ಅಲ್ಲೇ ಚಾಪೆ ಹಾಸಿ ಒಂದು ನಿದ್ದೆ. ಸಂಜೆ ಹೊರಡುವಾಗ ಹೆಂಗಸರಿಗೆ ಅರಿಸಿನ ಕುಂಕುಮ, ಒಂದು ಕಣ. ದಾರಿಗೆ ಚಪಾತಿ ಪಲ್ಯದ ಬುತ್ತಿ. ಮಾವನೋ ಚಿಕ್ಕಪ್ಪನೋ ಸ್ಟೇಷನ್ನಿನವರೆಗೆ ಬಂದು, ಬೋಗಿ ಹುಡುಕಿ, ಸಾಮಾನು ಸೀಟಿನಡಿ ತಳ್ಳಿ, ನೀರಿನ ಬಾಟಲಿ ತಂದುಕೊಟ್ಟು ಇಳಿಯುತ್ತಿದ್ದರು. ಆ ಬೆಂಗಳೂರು ಪೂರ್ತಿ ಮಾಯವಾಗಿಲ್ಲ, ಆದರೆ ತೆಳ್ಳಗಾಗಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಒಂದೇ ಬೆಡ್‌ರೂಮಿನ ಮನೆಗೆ ಐದು ಜನ ಹೋಗಿ ಇಳಿಯಲು ಹೋಗುವವರಿಗೇ ಸಂಕೋಚ. ದೂರದ ಪಿಜಿಯಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದರೆ, ‘ಇಲ್ಲಿ ಯಾರನ್ನೂ ಒಳಗ ಬಿಡಂಗಿಲ್ಲ ಕಾಕಾ, ನಾನೇ ಮೆಜೆಸ್ಟಿಕ್ಕಿಗೆ ಬಂದು ಭೆಟ್ಟಿ ಆಗ್ತೀನಿ’ ಎನ್ನುತ್ತಾನೆ. ಅವನ ಪ್ರೀತಿ ಕಡಿಮೆಯಾಗಿಲ್ಲ, ಜಾಗ ಇಲ್ಲ ಅಷ್ಟೆ.

ಬರುವವರು ಯಾರು ಎನ್ನುವುದನ್ನೂ ಗಮನಿಸಬೇಕು. ಜಿಲ್ಲೆಗಳ ಕುಟುಂಬಗಳಿಗೆ ಬೆಂಗಳೂರು ಪ್ರವಾಸವೆಂದರೆ ಲಾಲ್‌ಬಾಗ್, ವಿಧಾನಸೌಧ ನೋಡುವುದಷ್ಟೇ ಅಲ್ಲ. ಜಯದೇವದಲ್ಲಿ ಅಪ್ಪನ ಹೃದಯ ತೋರಿಸುವುದು, ನಿಮ್ಹಾನ್ಸ್‌ನಲ್ಲಿ ಚೀಟಿ ಮಾಡಿಸುವುದು, ಕಿದ್ವಾಯಿಯಲ್ಲಿ ಮತ್ತೆ ಬರಲು ಕೊಟ್ಟ ತಾರೀಖು ಮುಗಿಸುವುದು, ಮಗಳ ಪರೀಕ್ಷೆ, ಮಗನ ಕೌನ್ಸೆಲಿಂಗ್. ‘ಹೇಗೂ ಬಂದೀವಲ್ಲ’ ಎಂದು ಅದರ ಬೆನ್ನಿಗೇ ಮಕ್ಕಳಿಗೆ ಬನ್ನೇರುಘಟ್ಟ ತೋರಿಸುವುದು. ಅವರ ಸಾಮಾನಿನಲ್ಲಿ ಮಡಚಬಾರದ ಎಕ್ಸ್‌ರೇ ಕವರು ಒಂದಿರುತ್ತದೆ. ಅದನ್ನು ಇಡೀ ದಿನ ಯಾರಾದರೂ ಒಬ್ಬರು ಕೈಯಲ್ಲೇ ಹಿಡಿದುಕೊಂಡಿರಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ, ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಹಣವಿಲ್ಲದಂತಾಯಿತು. ಊರಿನ ಜಾತ್ರೆ, ತವರುಮನೆ ಬಿಟ್ಟು ಬೇರೆಲ್ಲೂ ಹೋಗದಿದ್ದ ಹೆಂಗಸರು ಗುಂಪು ಕಟ್ಟಿಕೊಂಡು ರಾಜಧಾನಿ ನೋಡಲು ಬರತೊಡಗಿದರು. ಇದು ಸಣ್ಣ ಬದಲಾವಣೆಯಲ್ಲ. ಸರ್ಕಾರ ಅವರ ಕೈಗೆ ಪ್ರಯಾಣವನ್ನು ಕೊಟ್ಟಿತು. ಆದರೆ ಪ್ರಯಾಣ ಎಂದರೆ ಬಸ್ಸಿನೊಳಗೆ ಕೂರುವುದಷ್ಟೇ ಅಲ್ಲ. ಇಳಿದ ಊರಿನಲ್ಲಿ ಕಾಲು ಚಾಚಲು, ಮುಖ ತೊಳೆಯಲು, ಗಂಟು ಇಳಿಸಲು ಜಾಗ ಸಿಗುವುದೂ ಅದರ ಭಾಗವೇ.

ಕೊನೆಯ ದಿನದ ಎಲ್ಲ ತಾಪತ್ರಯದ ಮೂಲ ಸಾಮಾನು. ಬ್ಯಾಗಿಲ್ಲದ ಕುಟುಂಬಕ್ಕೆ ಬೆಂಗಳೂರಿನಲ್ಲಿ ಹನ್ನೊಂದು ಗಂಟೆ ಸಾಲದು; ಬ್ಯಾಗಿರುವ ಕುಟುಂಬಕ್ಕೆ ಅದೇ ಹನ್ನೊಂದು ಗಂಟೆ ಸಾಗುವುದಿಲ್ಲ. ರೈಲು ನಿಲ್ದಾಣದಲ್ಲಿ ಕ್ಲೋಕ್ ರೂಮು ಇದೆ. ಅಲ್ಲಿ ಟಿಕೆಟ್ ತೋರಿಸಬೇಕು, ಸಾಮಾನಿಗೆ ಬೀಗ ಹಾಕಿರಬೇಕು. ಬೀಗವಿಲ್ಲದ ಸಾಮಾನನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು ರೈಲ್ವೆಯ ನಿಯಮ. ಸೂಟ್‌ಕೇಸಿನವರಿಗೆ ಇದು ತೊಂದರೆಯಲ್ಲ. ಆದರೆ ಜಿಪ್ಪು ಕಿತ್ತುಹೋದ ರೆಕ್ಸಿನ್ ಬ್ಯಾಗು, ಬಟ್ಟೆ ಅಂಗಡಿಯವರು ಕೊಟ್ಟ ಕೈಚೀಲ, ಚಿಕ್ಕಪೇಟೆಯಲ್ಲಿ ಕೊಂಡ ಕುಕ್ಕರಿನ ಡಬ್ಬ, ಬಾಯಿ ಹೊಲಿದ ಚೀಲ, ಇವುಗಳಿಗೆ ಬೀಗ ಎಲ್ಲಿ ಹಾಕುವುದು? ಸ್ಟೇಷನ್ ಹೊರಗೆ ಚಿಕ್ಕ ಬೀಗ, ಸರಪಳಿ ಮಾರುವವರ ವ್ಯಾಪಾರ ಕುದುರುವುದು ಇದೇ ಕಾರಣಕ್ಕೆ. ಬೀಗ ಕೊಂಡು ತಂದ ಮೇಲೂ ಎರಡು ಚೀಲ ಹೊರಗೇ ಉಳಿಯುತ್ತವೆ. ಆಮೇಲೆ ಅಜ್ಜಿಯನ್ನು ಆ ಚೀಲಗಳ ಪಕ್ಕ ಕೂರಿಸಿ, ‘ನೀ ಇಲ್ಲೇ ಕೂಡವ್ವ, ನಾವು ಈಗ ಬಂದ್ವಿ’ ಎಂದು ಉಳಿದವರು ಹೊರಡುತ್ತಾರೆ. ಬೆಂಗಳೂರು ನೋಡಬೇಕೆಂದು ಎಷ್ಟೋ ವರ್ಷದಿಂದ ಆಸೆ ಇಟ್ಟುಕೊಂಡಿದ್ದವರೇ ಪ್ಲಾಟ್‌ಫಾರ್ಮಿನಲ್ಲಿ ಕಾವಲು ಕೂರುತ್ತಾರೆ.

ಸಾಮಾನು ಹೊತ್ತೇ ತಿರುಗೋಣವೆಂದರೆ ಮೆಟ್ರೊದಲ್ಲಿ ತೂಕಕ್ಕೂ ಗಾತ್ರಕ್ಕೂ ಮಿತಿಯಿದೆ, ಪ್ರತಿ ನಿಲ್ದಾಣದಲ್ಲೂ ಬ್ಯಾಗುಗಳನ್ನು ಎತ್ತಿ ಸ್ಕ್ಯಾನರಿಗೆ ಹಾಕಿ ತೆಗೆಯಬೇಕು. ಸಿಟಿ ಬಸ್ಸಿನ ನೂಕುನುಗ್ಗಲಿನಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದು ನಿಲ್ಲುವುದೆಂದರೆ ಅಕ್ಕಪಕ್ಕದವರಿಂದ ಮಾತು ಕೇಳುವುದು. ಆಟೊ ಹಿಡಿದರೆ ಐದು ಜನಕ್ಕೆ ಎರಡು ಆಟೊ.

ಸಾಮಾನಿನ ಜೊತೆಗೆ ಮರ್ಯಾದೆಯ ಪ್ರಶ್ನೆಯೂ ಇದೆ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತ ಹಿರಿಯ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂಬ ಕಾರಣಕ್ಕೆ ತಡೆದದ್ದನ್ನು ನಾಡೆಲ್ಲ ನೋಡಿತು. ಅವರ ಬಳಿ ಟಿಕೆಟ್ ಇತ್ತು. ಸಹಪ್ರಯಾಣಿಕರು ಪಟ್ಟು ಹಿಡಿದು ಅವರ ಪರ ನಿಂತರು. ಮೆಟ್ರೊ ನಿಗಮ ಆ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಎರಡೂ ಸಂದರ್ಭಗಳಲ್ಲಿ ಕ್ರಮ ಆಯಿತು, ಅದು ಸರಿ. ಆದರೆ ಈ ಘಟನೆಗಳು ಹೇಳುವ ಇನ್ನೊಂದು ಸಂಗತಿಯಿದೆ. ನಗರದಲ್ಲಿ ತಂಪು ಗಾಳಿ, ಕೂರಲು ಬೆಂಚು, ಚೊಕ್ಕ ಶೌಚಾಲಯ ಮೂರೂ ಒಟ್ಟಿಗೆ ಸಿಗುವ ಜಾಗಗಳು ಹೆಚ್ಚಾಗಿ ಖಾಸಗಿಯವು. ಅಲ್ಲಿ ಒಳಗೆ ಬಿಡುವುದು, ಬಿಡದಿರುವುದು ಬಾಗಿಲಲ್ಲಿ ನಿಂತ ಒಬ್ಬನ ಕಣ್ಣಳತೆಗೆ ಬಿಟ್ಟದ್ದು. ಗಂಟುಮೂಟೆ ಹೊತ್ತ ಕುಟುಂಬ ಆ ಬಾಗಿಲಿನ ತನಕ ಹೋಗುವುದೇ ಇಲ್ಲ.

ಊಟ ತಿಂಡಿಯ ವಿಷಯದಲ್ಲಿ ಬೆಂಗಳೂರು ಉದಾರಿ. ಎಂಬತ್ತರ ದಶಕದಲ್ಲಿ ಶುರುವಾದ ದರ್ಶಿನಿಗಳಲ್ಲಿ ಬಡವರೂ ಬಿಸಿಬಿಸಿ ಇಡ್ಲಿ, ಖಾರಾಬಾತ್ ತಿನ್ನಬಹುದು. ಆದರೆ ದರ್ಶಿನಿ ನಿಂತು ತಿನ್ನುವ ಜಾಗ. ಹತ್ತು ನಿಮಿಷದಲ್ಲಿ ತಿಂದು ಹೊರಡುವವರಿಗಾಗಿ ಹುಟ್ಟಿದ್ದು. ಎಪ್ಪತ್ತು ದಾಟಿದವರಿಗೆ, ಮಗು ಎತ್ತಿಕೊಂಡವರಿಗೆ ಅಲ್ಲಿ ಕೂರುವ ಕುರ್ಚಿಯಿಲ್ಲ. ಕೂತು ತಿನ್ನುವ ಹೋಟೆಲಿನಲ್ಲಿ ಮಧ್ಯಾಹ್ನದ ಹೊತ್ತು ಎಲೆ ಎತ್ತುವ ಮೊದಲೇ ಮುಂದಿನವರು ಕುರ್ಚಿ ಹಿಡಿದು ನಿಂತಿರುತ್ತಾರೆ.

ಇನ್ನು ಶೌಚಾಲಯ. ಊರಿಗೆ ಹೊರಟ ದಿನ ಬೆಳಗ್ಗೆಯಿಂದ ನೀರನ್ನೇ ಕುಡಿಯದ ಹೆಂಗಸರಿದ್ದಾರೆ. ಕೇಳಿದರೆ ‘ಬಾಯಾರಿಕೆ ಇಲ್ಲ’ ಎನ್ನುತ್ತಾರೆ. ನಿಜವಾದ ಕಾರಣ ಮನೆಯವರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮುಟ್ಟಿನ ದಿನಗಳಾದರೆ ಆ ಹನ್ನೊಂದು ಗಂಟೆ ಹೇಗೆ ಕಳೆಯುತ್ತದೆ ಎನ್ನುವುದನ್ನು ಯೋಜನೆ ಬರೆಯುವವರು ಒಮ್ಮೆ ತಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿ ನೋಡಬೇಕು. ಹಣ ಕೊಟ್ಟು ಬಳಸುವ ಶೌಚಾಲಯವನ್ನು ಚೊಕ್ಕವಾಗಿ ನಡೆಸಲು ಸಾಧ್ಯ ಎಂಬುದನ್ನು ಬಿಂದೇಶ್ವರ್ ಪಾಠಕ್ 1970ರಲ್ಲಿ ಶುರುಮಾಡಿದ ಸುಲಭ್ ಸಂಸ್ಥೆ ದೇಶದ ಉದ್ದಗಲಕ್ಕೂ ತೋರಿಸಿಕೊಟ್ಟಿದೆ. ಜನ ಹಣ ಕೊಡಲು ಹಿಂಜರಿಯುವುದಿಲ್ಲ. ಒಳಗೆ ಹೋದರೆ ಚಿಲಕ ಇರಬೇಕು, ನಲ್ಲಿಯಲ್ಲಿ ನೀರು ಬರಬೇಕು, ಬ್ಯಾಗು ತೂಗುಹಾಕಲು ಒಂದು ಮೊಳೆ ಇರಬೇಕು, ಅಷ್ಟೇ ಅವರು ಕೇಳುವುದು.

ಇಷ್ಟೆಲ್ಲ ದಾಟಿ ಹೊರಟವರಿಗೂ ಬೀಗ ಹಾಕಿದ ಗೇಟು ಎದುರಾಗುತ್ತದೆ. ಪ್ರವಾಸದ ಕೊನೆಯ ದಿನ ಬಹುಪಾಲು ಭಾನುವಾರ ಇಲ್ಲವೇ ಸೋಮವಾರ. ಭಾನುವಾರ ಚಿಕ್ಕಪೇಟೆಯ ಬಹಳಷ್ಟು ಅಂಗಡಿಗಳ ಶಟರ್ ಇಳಿದಿರುತ್ತದೆ. ಸೋಮವಾರ ಸರ್ಕಾರಿ ವಸ್ತುಸಂಗ್ರಹಾಲಯ, ಜವಾಹರಲಾಲ್ ನೆಹರು ತಾರಾಲಯ, ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಮೂರಕ್ಕೂ ರಜೆ. ಮಂಗಳವಾರ ಬನ್ನೇರುಘಟ್ಟಕ್ಕೆ ರಜೆ. 2025ರಲ್ಲಿ ಶುರುವಾದ ವಿಧಾನಸೌಧದ ಒಳಗಿನ ಮಾರ್ಗದರ್ಶಿ ಪ್ರವಾಸ ಇರುವುದು ಭಾನುವಾರ ಹಾಗೂ ಎರಡನೇ, ನಾಲ್ಕನೇ ಶನಿವಾರಗಳಂದು, ಅದೂ ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸಿದವರಿಗೆ. ಇವೆಲ್ಲ ಗುಟ್ಟಿನ ಮಾಹಿತಿಯಲ್ಲ. ಆದರೆ ಮೆಜೆಸ್ಟಿಕ್‌ನಲ್ಲಿ ಇಳಿದವರ ಕಣ್ಣಿಗೆ ಬೀಳುವ ಹಾಗೆ, ಇಂದು ಏನೇನು ತೆರೆದಿದೆ ಎಂದು ಕನ್ನಡದಲ್ಲಿ ಬರೆದ ಒಂದು ಫಲಕ ಇದ್ದರೆ ಎಷ್ಟು ಜನರ ಆಟೊ ಬಾಡಿಗೆ ಉಳಿದೀತು! ಸಂಸ್ಥೆಗಳು ಎಲ್ಲವೂ ಸೋಮವಾರವೇ ಮುಚ್ಚುವ ಬದಲು ವಾರದ ರಜೆಯನ್ನು ಹಂಚಿಕೊಂಡರೆ ಇನ್ನೂ ಒಳ್ಳೆಯದು.

ಹಾಗಂತ ಬೆಂಗಳೂರಿನಲ್ಲಿ ಕೊನೆಯ ದಿನಕ್ಕೆ ತಕ್ಕ ತಾಣಗಳಿಲ್ಲ ಎಂದೇನಲ್ಲ. ಲಾಲ್‌ಬಾಗ್ ಅಂಥದ್ದು. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ ಇಂದು 240 ಎಕರೆ. 1889ರ ಗಾಜಿನ ಮನೆ, ಮುನ್ನೂರು ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಬಂಡೆಗುಡ್ಡ, ಅದರ ನೆತ್ತಿಯಲ್ಲಿ ಕೆಂಪೇಗೌಡರ ಗಡಿ ಗೋಪುರ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು ದಾಟಿ ನಾಲ್ಕನೆಯ ನಿಲ್ದಾಣವೇ ಲಾಲ್‌ಬಾಗ್. ಕೈ ಖಾಲಿ ಇದ್ದರೆ ಅಜ್ಜಿ ಮರದ ನೆರಳಿನಲ್ಲಿ ಒರಗಬಹುದು, ಮಕ್ಕಳು ಬಂಡೆ ಹತ್ತಬಹುದು, ದೊಡ್ಡವರು ವಾಪಸ್ ಬರುವಾಗ ಚಿಕ್ಕಪೇಟೆಯಲ್ಲಿ ಇಳಿದು ಮದುವೆಯ ಸೀರೆ ನೋಡಬಹುದು. ಎಲ್ಲ ನಿಂತಿರುವುದು ಆ ಖಾಲಿ ಕೈಯ ಮೇಲೆ.

ಬಡಾವಣೆಗಳ ಪಾರ್ಕುಗಳು ಇತ್ತೀಚಿನವರೆಗೂ ಬೆಳಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಬೀಗ ಹಾಕಿಕೊಂಡಿರುತ್ತಿದ್ದವು. ನೆರಳು ಬೇಕಾದ ಹೊತ್ತಿಗೇ ಬೆಂಚುಗಳು ಖಾಲಿ. 2024ರಲ್ಲಿ ಪಾಲಿಕೆಯ ಪಾರ್ಕುಗಳ ಸಮಯವನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ವಿಸ್ತರಿಸಲಾಯಿತು. ಹೊಸ ಕಟ್ಟಡ ಬೇಕಾಗಲಿಲ್ಲ. ಬೇಕಾದದ್ದು ಒಂದು ಆದೇಶ.

ಹೊರಗಿನಿಂದ ಬಂದವರಿಗೆ ಜಾಗ ಮಾಡಿಕೊಡುವುದು ಈ ನಗರಕ್ಕೆ ಹೊಸ ವಿದ್ಯೆಯೂ ಅಲ್ಲ. ಬೆಂಗಳೂರು ರೈಲು ನಿಲ್ದಾಣದ ಎದುರಿನ ರಸ್ತೆಗೆ ಗುಬ್ಬಿ ತೋಟದಪ್ಪನವರ ಹೆಸರಿದೆ. ತುಮಕೂರು ಸೀಮೆಯ ಗುಬ್ಬಿಯಿಂದ ಬಂದು ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ ತೋಟದಪ್ಪನವರು (1838–1910) ಆ ಗಳಿಕೆಯನ್ನು ಇಟ್ಟದ್ದು ಎಲ್ಲಿ ಎಂದು ನೋಡಬೇಕು: ರೈಲು ನಿಲ್ದಾಣದ ಪಕ್ಕದಲ್ಲೇ ಜಾಗ ಕೊಂಡು ಯಾತ್ರಿಕರಿಗೆ ಧರ್ಮಛತ್ರ, ಜೊತೆಗೆ ಊರುಗಳಿಂದ ಓದಲು ಬರುವ ಹುಡುಗರಿಗೆ ವಿದ್ಯಾರ್ಥಿನಿಲಯ. ಅವರು ಆ ಜಾಗವನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಗಾಡಿ ಇಳಿದವರಿಗೂ ಗಾಡಿ ಹಿಡಿಯುವವರಿಗೂ ಆಸರೆ ಬೇಕಾಗುವುದು ನಿಲ್ದಾಣದ ಬಾಗಿಲಲ್ಲೇ ಎನ್ನುವುದನ್ನು ಒಬ್ಬ ವ್ಯಾಪಾರಿ ನೂರಿಪ್ಪತ್ತು ವರ್ಷಗಳ ಹಿಂದೆ ಅರಿತಿದ್ದರು. ಒಬ್ಬರ ಸ್ವಂತ ಗಳಿಕೆಯಿಂದ ಆದದ್ದು ಸಾವಿರಾರು ಕೋಟಿಯ ಬಜೆಟ್ಟಿನ ನಗರದಿಂದ ಆಗುವುದಿಲ್ಲ ಎಂದರೆ ಒಪ್ಪುವ ಮಾತಲ್ಲ.

ನಮ್ಮ ತೀರ್ಥಕ್ಷೇತ್ರಗಳಿಗೆ ಈ ವಿದ್ಯೆ ಇಂದಿಗೂ ಕರಗತ. ತಿರುಪತಿಯ ಅಲಿಪಿರಿಯಲ್ಲಿ ಸಾಮಾನು ಒಪ್ಪಿಸಿ ಚೀಟಿ ಪಡೆದು ಮೆಟ್ಟಿಲು ಹತ್ತಿದರೆ, ಅದು ದೇವಸ್ಥಾನದ ವಾಹನದಲ್ಲಿ ಬೆಟ್ಟದ ಮೇಲೆ ತಲುಪಿರುತ್ತದೆ. ಅದಕ್ಕೆ ಶುಲ್ಕವಿಲ್ಲ. ರೂಮು ಸಿಗದವರಿಗೆ ತಿರುಮಲದ ಯಾತ್ರಿಕರ ಸಮುಚ್ಚಯಗಳಲ್ಲಿ ಮಲಗಲು ಹಜಾರ, ಸಾಮಾನಿಗೆ ಲಾಕರು, ಸ್ನಾನಕ್ಕೆ ನೀರು ಇರುತ್ತದೆ. ಕೋಟ್ಯಂತರ ಚೀಲಗಳನ್ನು ಒಂದು ಕಡೆ ಪಡೆದು ಇನ್ನೊಂದು ಕಡೆ ಅದೇ ಮಾಲೀಕರಿಗೆ ಮುಟ್ಟಿಸುವ ಕೆಲಸವನ್ನು ಬೆಟ್ಟದ ಮೇಲೆ ಮಾಡಬಹುದಾದರೆ, ಬಸ್ಸು, ರೈಲು, ಮೆಟ್ರೊ ಮೂರೂ ಕೂಗಳತೆಯಲ್ಲಿರುವ ಮೆಜೆಸ್ಟಿಕ್‌ನಲ್ಲಿ ಮಾಡಲು ಏನಡ್ಡಿ?

ದೂರದ ಉದಾಹರಣೆಗಳೂ ಇವೆ. ಜಪಾನಿನಲ್ಲಿ ಯಮಾಟೊ ಎಂಬ ಸಾಗಣೆ ಕಂಪನಿ 1976ರಲ್ಲಿ ಮನೆಮನೆಗೆ ಸಾಮಾನು ತಲುಪಿಸುವ ಸೇವೆ ಶುರುಮಾಡಿತು. ಇಂದು ಅಲ್ಲಿ ಪ್ರವಾಸಿಗರು ಹೋಟೆಲಿನಲ್ಲಿ ಸೂಟ್‌ಕೇಸು ಒಪ್ಪಿಸಿ ವಿಮಾನ ನಿಲ್ದಾಣದಲ್ಲಿ ಪಡೆಯುತ್ತಾರೆ, ರೈಲು ನಿಲ್ದಾಣಗಳಲ್ಲಿ ನಾಣ್ಯ ಹಾಕುವ ಲಾಕರುಗಳು ಸಾಲಾಗಿರುತ್ತವೆ. ನಮ್ಮದೇ ರೈಲ್ವೆ 2021ರ ನವೆಂಬರಿನಲ್ಲಿ ಮುಂಬೈ ಸೆಂಟ್ರಲ್ ನಿಲ್ದಾಣದಲ್ಲಿ ಪಾಡ್ ಹೋಟೆಲ್ ತೆರೆಯಿತು. ಒಬ್ಬರು ಮಲಗುವಷ್ಟು ಗೂಡುಗಳನ್ನು ಹನ್ನೆರಡು ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆ. ಅದರ ದರ ಐದು ಜನರ ಕುಟುಂಬಕ್ಕೆ ಹೊರೆಯೇ. ಆದರೆ ಅದರ ಹಿಂದಿನ ವಿಚಾರ ಮುಖ್ಯ: ಪ್ರಯಾಣಿಕರಿಗೆ ಬೇಕಿರುವುದು ಇಡೀ ದಿನದ ರೂಮಲ್ಲ, ಕೆಲವು ಗಂಟೆಯ ನೆಲೆ. ನಿಲ್ದಾಣಗಳ ವಿಶ್ರಾಂತಿ ಕೊಠಡಿಗಳನ್ನೂ ಹೀಗೆ ಗಂಟೆಗಳ ಲೆಕ್ಕದಲ್ಲಿ ಪಡೆಯಬಹುದು, ಖಚಿತವಾದ ಟಿಕೆಟ್ಟಿನ ಪಿಎನ್‌ಆರ್ ಇದ್ದರೆ. ಅವುಗಳ ಸಂಖ್ಯೆ ಬೆರಳೆಣಿಕೆಯಷ್ಟು, ಬುಕಿಂಗ್ ಆನ್‌ಲೈನಿನಲ್ಲಿ. ಮೊಬೈಲಿನಲ್ಲಿ ಪಳಗಿದವರ ಕೈಗೆ ಮೊದಲೇ ಸೇರಿಹೋಗಿರುತ್ತವೆ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ಮೆಜೆಸ್ಟಿಕ್‌ನಲ್ಲಿ ಬಸ್ಸಿನವರು, ರೈಲಿನವರು, ಮೆಟ್ರೊದವರು ಎಂಬ ಭೇದವಿಲ್ಲದೆ ಯಾರ ಸಾಮಾನನ್ನಾದರೂ ಇಟ್ಟುಕೊಳ್ಳುವ, ಹಗಲು ರಾತ್ರಿ ತೆರೆದಿರುವ ಲಗೇಜು ಕೇಂದ್ರ. ಬೀಗವಿಲ್ಲದ ಚೀಲವನ್ನು ತಿರಸ್ಕರಿಸುವ ಬದಲು ಅಲ್ಲೇ ಪ್ಲಾಸ್ಟಿಕ್ ಸೀಲು ಹಾಕಿ ಬಿಲ್ಲೆ ಕಟ್ಟಬೇಕು. ಎರಡನೆಯದು, ಅದಕ್ಕೆ ಅಂಟಿಕೊಂಡೇ ಸ್ನಾನದ ಮನೆ, ಶೌಚಾಲಯ, ಬಟ್ಟೆ ಬದಲಿಸುವ, ಮಗುವಿಗೆ ಹಾಲುಣಿಸುವ ಕೊಠಡಿ. ಹೆಂಗಸರ ಭಾಗಕ್ಕೆ ಹೆಂಗಸರೇ ಮೇಲ್ವಿಚಾರಕರು. ಮೂರನೆಯದು, ಅಂದಿನ ಟಿಕೆಟ್ ತೋರಿಸಿದವರಿಗೆ ನೆಲದ ಮೇಲೆ ಚಾಪೆ ಹಾಸಿಯಾದರೂ ಒರಗಲು ಅವಕಾಶವಿರುವ ಹಜಾರ. ನಾಲ್ಕನೆಯದು, ಮಧ್ಯಾಹ್ನದಿಂದ ರಾತ್ರಿ ಒಂಬತ್ತರವರೆಗಿನ ಅರ್ಧ ದಿನದ ದರ. ಪ್ರವಾಸೋದ್ಯಮ ಇಲಾಖೆ ಹೋಟೆಲ್ ಮಾಲೀಕರ ಸಂಘದ ಜೊತೆ ಕೂತು ಮಾತಾಡಿದರೆ ಇದಕ್ಕೆ ಒಂದು ದಾರಿ ಖಂಡಿತ ಸಿಗುತ್ತದೆ. ವಾರದ ನಡುವೆ ಖಾಲಿ ಬೀಳುವ ರೂಮುಗಳಿಂದ ಅವರಿಗೂ ನಾಲ್ಕು ಕಾಸು ಹುಟ್ಟುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಭದ್ರತೆಯದು. 2024ರ ಮಾರ್ಚ್ 1ರಂದು ಬೆಂಗಳೂರಿನ ಕೆಫೆಯೊಂದರಲ್ಲಿ ಸ್ಫೋಟವಾದದ್ದು ಯಾರೋ ಬಿಟ್ಟುಹೋದ ಬ್ಯಾಗಿನಿಂದಲೇ. ಆ ಭಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಅದೇ ಕಾರಣಕ್ಕೆ ಲಗೇಜು ಕೇಂದ್ರ ಬೇಕು. ಸ್ಕ್ಯಾನರಿನಲ್ಲಿ ಹಾದು, ಗುರುತಿನ ಚೀಟಿ ತೋರಿಸಿ, ಹೆಸರು ಫೋನ್ ನಂಬರು ಬರೆಸಿ ಇಟ್ಟ ಬ್ಯಾಗು, ಪ್ಲಾಟ್‌ಫಾರ್ಮಿನ ಕಂಬದ ಹಿಂದೆ, ಹೋಟೆಲಿನ ಮೂಲೆಯಲ್ಲಿ, ‘ಸ್ವಲ್ಪ ನೋಡ್ಕೊಳ್ರಿ’ ಎಂದು ಅಪರಿಚಿತರಿಗೆ ಒಪ್ಪಿಸಿ ಹೋದ ಬ್ಯಾಗಿಗಿಂತ ಎಷ್ಟೋ ಪಾಲು ಸುರಕ್ಷಿತ. ಸ್ಕ್ಯಾನರು, ಸಿಬ್ಬಂದಿ, ಕ್ಯಾಮೆರಾ ಮೂರೂ ಈ ನಿಲ್ದಾಣಗಳಲ್ಲಿ ಈಗಾಗಲೇ ಇವೆ.

ಎರಡನೆಯ ಆಕ್ಷೇಪ ಖರ್ಚಿನದು. ಸಾಮಾನಿನ ಹೊರೆ ಇಳಿಸಿಕೊಂಡ ಕುಟುಂಬ ಆ ಮಧ್ಯಾಹ್ನ ಸುಮ್ಮನೆ ಕೂರುವುದಿಲ್ಲ. ಚಿಕ್ಕಪೇಟೆಯಲ್ಲಿ ಸೀರೆ, ಅವೆನ್ಯೂ ರಸ್ತೆಯಲ್ಲಿ ಮಕ್ಕಳ ಪುಸ್ತಕ, ಎಂ.ಜಿ. ರಸ್ತೆಯ ಕಾವೇರಿ ಮಳಿಗೆಯಲ್ಲಿ ಚನ್ನಪಟ್ಟಣದ ಗೊಂಬೆ, ಊರಿನವರಿಗೆ ಹಂಚಲು ಮೈಸೂರು ಸ್ಯಾಂಡಲ್ ಸೋಪು. ಕೊನೆಯ ದಿನ ಕೈಯಲ್ಲಿ ಉಳಿದಿರುವ ಹಣ ಎಷ್ಟೆಂದು ಗೊತ್ತಿರುತ್ತದೆ, ಕೊಡಿಸುತ್ತೇನೆಂದು ಮಾತು ಕೊಟ್ಟವರ ಹೆಸರುಗಳೂ ನೆನಪಿರುತ್ತವೆ. ಪ್ರವಾಸದಲ್ಲಿ ಜನ ಮನಸಾರೆ ಕೊಳ್ಳುವ ದಿನವೇ ಅದು. ಇಂದು ಆ ದಿನವನ್ನು ಅವರು ಪ್ಲಾಟ್‌ಫಾರ್ಮಿನಲ್ಲಿ ಕಳೆಯುತ್ತಿದ್ದಾರೆ, ವ್ಯಾಪಾರಿಗಳು ಗಿರಾಕಿ ಕಾಯುತ್ತಿದ್ದಾರೆ.

ವ್ಯವಸ್ಥೆ ಆಗುವವರೆಗೆ ಕುಟುಂಬಗಳೂ ಕೆಲವು ಎಚ್ಚರ ವಹಿಸಬಹುದು. ರೂಮು ಹಿಡಿಯುವಾಗಲೇ, ಬಿಟ್ಟ ಮೇಲೆ ಸಾಮಾನು ಸಂಜೆವರೆಗೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಬೇಕು. ಬಹಳಷ್ಟು ಹೋಟೆಲುಗಳು ಹೂಂ ಎನ್ನುತ್ತವೆ, ಕೇಳಲು ನಾವೇ ಅಳುಕುತ್ತೇವೆ. ಒಂದು ಗಟ್ಟಿ ಬ್ಯಾಗಿಗೆ ಚಿಕ್ಕಚಿಕ್ಕ ಚೀಲಗಳನ್ನೆಲ್ಲ ತುಂಬಿ ಬೀಗ ಹಾಕಿದರೆ ಕ್ಲೋಕ್ ರೂಮಿನ ಅರ್ಧ ತಕರಾರು ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಟಿಕೆಟ್ಟಿನಲ್ಲಿ ನಿಲ್ದಾಣದ ಹೆಸರು ಓದಬೇಕು. ಮೆಜೆಸ್ಟಿಕ್‌ನ ಕೆಎಸ್‌ಆರ್, ಯಶವಂತಪುರ, 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, ಇವು ಒಂದಕ್ಕೊಂದು ಬಹಳ ದೂರ. ಇಡೀ ದಿನ ಕಾದು, ರಾತ್ರಿ ಒಂಬತ್ತಕ್ಕೆ ತಪ್ಪು ನಿಲ್ದಾಣದಲ್ಲಿ ನಿಂತಿರುವುದು ಗೊತ್ತಾದರೆ ದಾರಿಯೇ ಇಲ್ಲ. ಆದರೆ ಜನರ ಎಚ್ಚರಕ್ಕೂ ಒಂದು ಮಿತಿಯಿದೆ. ಮದುವೆ ಮನೆಯಲ್ಲಿ ಬೀಗರನ್ನು ಎದುರುಗೊಳ್ಳುವ ಹೊಣೆ ಯಾರದೋ ಕಳಿಸಿಕೊಡುವ ಹೊಣೆಯೂ ಅವರದೇ. ಬುತ್ತಿ, ಗಾಡಿ ನೀವೇ ನೋಡಿಕೊಳ್ಳಿ ಎಂದು ಯಾರೂ ಹೇಳುವುದಿಲ್ಲ.

ಕೆಂಪೇಗೌಡ ಬಸ್ ನಿಲ್ದಾಣವನ್ನು ಹೊಸದಾಗಿ ಕಟ್ಟುವ ಪ್ರಸ್ತಾವ ಸರ್ಕಾರದ ಮುಂದಿದೆ. ಪಕ್ಕದ ರೈಲು ನಿಲ್ದಾಣದ ಪುನರಾಭಿವೃದ್ಧಿಯ ಮಾತನ್ನೂ ರೈಲ್ವೆ ಆಡುತ್ತಿದೆ. ಇಂಥ ಯೋಜನೆಗಳಲ್ಲಿ ನೆಲಮಹಡಿ ಅಂಗಡಿ ಮಳಿಗೆಗಳಿಗೆ ಹೋಗುತ್ತದೆ. ಪ್ರಯಾಣಿಕರ ಸೌಕರ್ಯ ಮೂಲೆಗೋ ಮೇಲಿನ ಅಂತಸ್ತಿಗೋ ಸೇರುತ್ತದೆ. ಲಗೇಜು ಕೇಂದ್ರ, ಸ್ನಾನದ ಮನೆ, ವಿಶ್ರಾಂತಿಯ ಹಜಾರಗಳಿಗೆ ನೆಲಮಹಡಿಯಲ್ಲೇ ಇಷ್ಟು ಜಾಗ ಎಂದು ನಕ್ಷೆಯಲ್ಲಿ ಈಗಲೇ ಗೆರೆ ಎಳೆಯಬೇಕು, ಆ ಜಾಗವನ್ನು ಬಾಡಿಗೆಗೆ ಕೊಡುವಂತಿಲ್ಲ ಎಂದು ಗುತ್ತಿಗೆಯ ಷರತ್ತಿನಲ್ಲಿ ಬರೆಯಬೇಕು. ಹೊಸ ಕಟ್ಟಡ ಏಳಲು ವರ್ಷಗಳು ಬೇಕು. ಲಗೇಜು ಕೇಂದ್ರಕ್ಕೆ ಅಷ್ಟು ಕಾಯಬೇಕಿಲ್ಲ: ಒಂದು ಹಜಾರ, ಒಂದು ಸ್ಕ್ಯಾನರು, ಕಬ್ಬಿಣದ ರ‍್ಯಾಕುಗಳು, ಪಾಳಿಯಲ್ಲಿ ದುಡಿಯುವ ಹತ್ತಿಪ್ಪತ್ತು ಸಿಬ್ಬಂದಿ ಸಾಕು. ಸಾರಿಗೆ ನಿಗಮಗಳು, ಮೆಟ್ರೊ ನಿಗಮ, ರೈಲ್ವೆ, ಪ್ರವಾಸೋದ್ಯಮ ಇಲಾಖೆ ಒಂದು ಮೇಜಿನ ಸುತ್ತ ಕೂತರೆ, ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ಬೇಸಿಗೆ ರಜೆ ಸಿಗುವ ಮೊದಲೇ ಅದನ್ನು ತೆರೆಯಬಹುದು.